ಗ್ಯಾನಪ್ಪನ ಅಧ್ಯಾಯ ತೆಗೆಯಲಾರೆ

ಸಂಶೋಧನಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ನನ್ನ ಪಿಎಚ್.ಡಿ. ಪ್ರಬಂಧದ ನಾಲ್ಕನೇ ಅಧ್ಯಾಯವನ್ನು ಈ ತಿಂಗಳೊಳಗೆ ಕಿತ್ತುಹಾಕದಿದ್ದರೆ ನೋಂದಣಿ ರದ್ದು ಎಂದು ತಮ್ಮ ಪತ್ರ ಹೇಳುತ್ತದೆ. ಏಳು ವರ್ಷಗಳಲ್ಲಿ ತಮ್ಮ ಕಚೇರಿಯಿಂದ ಸಮಯಕ್ಕೆ ಸರಿಯಾಗಿ ಬಂದ ಮೊದಲ ಪತ್ರವಿದು, ಧನ್ಯವಾದ. ಜಗಳಾಡುವ ಕಸುವು ನನ್ನಲ್ಲಿ ಉಳಿದಿಲ್ಲ, ಬರೆಯುವಷ್ಟು ಮಾತ್ರ ಇದೆ.

ನನ್ನ ವಿಷಯ, ಇಸ್ಲಾಮೀ ನ್ಯಾಯಶಾಸ್ತ್ರ ಪಾಲು ಬೇಸಾಯವನ್ನು ನೋಡಿದ ಬಗೆ. ಅರ್ಥಶಾಸ್ತ್ರ ವಿಭಾಗ ಇದನ್ನು ಧರ್ಮ ಎಂದಿತು. ಕಾನೂನು ವಿಭಾಗ ಬೇಸಾಯ ಎಂದಿತು. ಉರ್ದು ವಿಭಾಗದವರು, ಕನ್ನಡದಲ್ಲಿದೆಯಲ್ಲ, ಎಂದು ವಾಪಸು ಕಳಿಸಿದರು. ಕುಷ್ಟಗಿ ಬಸ್ಸಿನ ಕಂಡಕ್ಟರೇ "ಮೇಡಮ್ಮಾರ, ಇನ್ನೂ ಮುಗಿದಿಲ್ಲೇನ್ರಿ ನಿಮ್ಮ ಸಾಲಿ?" ಎಂದು ಕೇಳುವಷ್ಟು ಸಲ ಅಲೆದಿದ್ದೇನೆ. ಕೊನೆಗೆ ತಮ್ಮ ಸಮಿತಿ ಕೂತು ಕಂಡುಹಿಡಿದ ದೋಷವೇನು? ಇಸ್ಲಾಮೀ ಕಾನೂನಿನ ಪ್ರಬಂಧದಲ್ಲಿ ಮುಸ್ಲಿಮನಲ್ಲದ ಗ್ಯಾನಪ್ಪನಿಗೆ ಅರವತ್ತು ಪುಟ!

ಉಳುವವನೇ ಇಲ್ಲದ ಪಾಲು ಬೇಸಾಯ ಯಾವುದು, ಮಾನ್ಯರೇ? ತಾವರಗೇರಾ ಹತ್ತಿರದ ನನ್ನ ಅಜ್ಜಿ ಹುಸೇನಬೀಯ ಹೊಲವನ್ನು ಗ್ಯಾನಪ್ಪ ಮೂವತ್ತು ವರ್ಷದಿಂದ ಪಾಲಿಗೆ ಮಾಡುತ್ತಿದ್ದಾನೆ. ಅರ್ಧ ಹೊಲ ತಗ್ಗು, ಅರ್ಧ ದಿನ್ನೆ. ತಗ್ಗಿನಲ್ಲಿ ತೇವ ಉಳಿದು ಸಜ್ಜೆ ಎದೆಯುದ್ದ ಬರುತ್ತದೆ. ದಿನ್ನೆಯದು ದೇವರಿಗೇ ಗೊತ್ತು. ಒಮ್ಮೆ ಸೋದರಮಾವ ಹೈದರಸಾಬ, "ತಗ್ಗಿನ ಬೆಳಿ ನಮಗ ಇರ್ಲಿ, ದಿನ್ನಿದು ಗ್ಯಾನಪ್ಪಗ," ಎಂದ. ಅಜ್ಜಿ ತಲೆಯ ಮೇಲಿನ ಕೊಡ ಇಳಿಸಿ ಎಲ್ಲರೆದುರಿಗೇ ಬೈದಳು: "ನಾಚಿಕಿ ಬ್ಯಾಡೇನು ನಿನಗ? ಹಂಗ ಮಾಡಿದ್ರ ಹರಾಮ್ ಆಕ್ಕೈತಿ. ಎಲ್ಲಾ ಒಂದ ರಾಶಿ ಮಾಡ್ರಿ, ಆಮ್ಯಾಲ ಅಳೀರಿ."

ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ನೀರಿನ ಕಡೆಯ ಬೆಳೆಯನ್ನು ಹೊಲದೊಡೆಯ ತನಗೇ ಮೀಸಲಿಡಬಾರದು, ನಷ್ಟ ಒಬ್ಬನ ತಲೆಗೇ ಬೀಳಬಾರದು ಎಂಬ ಅದೇ ನಿಯಮವನ್ನು ನಾನು ಅರಬ್ಬಿ ಗ್ರಂಥಗಳಲ್ಲಿ ಕಂಡದ್ದು ಎಷ್ಟೋ ವರ್ಷಗಳ ಮೇಲೆ. ಅಷ್ಟರಲ್ಲಿ ಗ್ಯಾನಪ್ಪ ಪಕ್ಕದ ಲಕ್ಷ್ಮಣಪ್ಪನ ಹೊಲವನ್ನೂ ಇದೇ ಕರಾರಿಗೆ ಹಿಡಿದಿದ್ದ. ಫಿಖ್ಹಿನ, ಅಂದರೆ ಇಸ್ಲಾಮೀ ನ್ಯಾಯಶಾಸ್ತ್ರದ, ಒಂದು ನಿಯಮ ಇಬ್ಬರು ಹಿಂದೂ ರೈತರ ನಡುವೆ ಬಾಳುತ್ತಿದೆ ಎಂಬುದೇ ನನ್ನ ಪ್ರಬಂಧದ ತಿರುಳು. ತಾವು ಕೇಳುತ್ತಿರುವುದು ಅದನ್ನೇ ತೆಗೆಯಲು.

ತಮ್ಮ ಪತ್ರವನ್ನು ಗ್ಯಾನಪ್ಪನಿಗೆ ಓದಿ ಹೇಳಿದೆ. "ನನ್ನ ಹೆಸರು ತೆಗದಬಿಡವಾ. ನನ್ನಿಂದ ನಿನ್ನ ಸಾಲಿ ಕೆಡೂದು ಬ್ಯಾಡ," ಎಂದ. ನನಗೆ ಅಳು ತಡೆಯಲಾಗಲಿಲ್ಲ. ಪದವಿ ಬಂದರೆ ಕಾಯಂ ಕೆಲಸಕ್ಕೆ ಅರ್ಜಿ ಹಾಕಬಹುದು. ಆಸೆ ನನಗೂ ಇದೆ. ಆದರೆ ಅವನನ್ನು ಬಿಟ್ಟು ಪಡೆದರೆ, ತಗ್ಗಿನ ಬೆಳೆ ನನಗೆ, ದಿನ್ನೆಯದು ಅವನಿಗೆ ಎಂದಂತಾಗುತ್ತದೆ.

ಆದ್ದರಿಂದ ಪ್ರಬಂಧವನ್ನು ಇಡಿಯಾಗಿ ಮೌಲ್ಯಮಾಪನಕ್ಕೆ ಕಳಿಸಿ. ಇಲ್ಲವೇ ರದ್ದು ಮಾಡಿ, ಕಾರಣವನ್ನು ಸರಳ ಕನ್ನಡದಲ್ಲಿ ಬರೆದು ಸಹಿ ಹಾಕಿ ಕೊಡಿ. ಗ್ಯಾನಪ್ಪನಿಗೆ ಅದನ್ನು ಓದಿ ಹೇಳಬೇಕಾದವಳು ನಾನೇ.

ಇಂತಿ,
ಏಳನೇ ವರ್ಷದಲ್ಲೂ ತಮ್ಮ ವಿದ್ಯಾರ್ಥಿನಿಯೇ ಆಗಿರುವ
ಶಮೀನಾ
ಅತಿಥಿ ಉಪನ್ಯಾಸಕಿ, ಕುಷ್ಟಗಿ