ಪ್ರಾಸ ಕೂಡಿದ್ದು ಅಜ್ಜಿಯ ಮಾತಿನಲ್ಲಿ

ಬೌಷರ್, ಮಸ್ಕತ್

ಮಾನ್ಯ ಬೀಗಿತ್ತಿ ವಾರಿಜಾಕ್ಷಿಯವರಿಗೆ ನಮಸ್ಕಾರ.

ಹಿಂದಿನ ಕಾರ್ಡಿನಲ್ಲಿ, ‘ಚೀನೀಯರದು ಒಂದೇ ಲಿಪಿ, ಒಂದೇ ಭಾಷೆ, ತಾವೂ ನಮ್ಮ ಮೊಮ್ಮಗಳಾದ ಖುಷಿಯ ಜೊತೆ ಫೋನಿನಲ್ಲಿ ತುಳು ಬಿಟ್ಟು ಕನ್ನಡವನ್ನೇ ಆಡಬೇಕು’ ಎಂದು ಬರೆದಿದ್ದೆ. ಅದು ತಪ್ಪು. ಅವರ ಲಿಪಿ ಒಂದೇ, ಆಡುವ ಭಾಷೆಗಳು ಹಲವು. ಆ ಕಾರ್ಡು ತಲುಪಿದ ಮೇಲೆ ತಾವು ಫೋನ್ ಮಾಡಿಲ್ಲ.

ಪಕ್ಕದ ಮನೆಯ ಚೀನೀ ಎಂಜಿನಿಯರ್ ಲಿನ್ ಅವರ ತಾಯಿ ದಕ್ಷಿಣದ ಫೂಜಿಯನ್ ಪ್ರಾಂತದವರು. ನಿನ್ನೆ ಲಿನ್ ಸಾವಿರದಿನ್ನೂರು ವರ್ಷ ಹಳೆಯ ಪದ್ಯವೊಂದನ್ನು ಶಾಲೆಯಲ್ಲಿ ಕಲಿಸುವ ಉತ್ತರದ ಚೀನೀಯಲ್ಲಿ ಓದಿದರು, ಅಂತ್ಯಪ್ರಾಸ ಕೂಡಲಿಲ್ಲ. ಅದನ್ನೇ ಆ ವೃದ್ಧೆ ತಮ್ಮ ಮನೆಮಾತಿನಲ್ಲಿ ಹೇಳಿದಾಗ ನನ್ನ ಕಿವಿಗೂ ಪ್ರಾಸ ಸಿಕ್ಕಿತು. ಉತ್ತರದವರು ಕಾಲಾಂತರದಲ್ಲಿ ಕಳೆದುಕೊಂಡ ಪದಾಂತ್ಯದ ವ್ಯಂಜನಗಳು ಆಕೆಯ ಮಾತಿನಲ್ಲಿ ಇನ್ನೂ ಉಳಿದಿವೆಯಂತೆ. ಆದರೆ ಆಕೆಯ ಮೊಮ್ಮಗಳಿಗೇ ಒಂದು ಪದವೂ ತಿಳಿಯಲಿಲ್ಲ.

ನಮ್ಮ ಖುಷಿ ಚಪ್ಪಾಳೆ ತಟ್ಟಿ, “ತಾತಾ, ಸೇಮ್ ಸೇಮ್! ನಂಗೂ ಮಂಗ್ಳೂರಜ್ಜಿ ಮಾತು ಅರ್ಥ ಆಗಲ್ಲ!” ಎಂದಳು. ನಾನು ತಲೆ ಎತ್ತಲಾರದೆ ಹೋದೆ.

ಫೋನಿನಲ್ಲಿ ಹೇಳಲು ನಾಲಗೆ ಏಳದೆ ಬರೆಯುತ್ತಿದ್ದೇನೆ. ನನ್ನ ಮಂಡಿನೋವು ಕಡಿಮೆಯಾಗಿದೆ. ಇದು ತಲುಪಿದ ದಿನವೇ ಮಗುವಿಗೆ ಫೋನ್ ಮಾಡಿ, ತುಳುವಿನಲ್ಲೇ ಮಾತನಾಡಿರಿ. ಇನ್ನು ಮುಂದೆ ನಾನು ಪಕ್ಕದಲ್ಲಿ ಕುಳಿತು ತಿದ್ದುವುದಿಲ್ಲ.

ತಮ್ಮ ಬೀಗ,
ದೊರೆಸ್ವಾಮಿ
15 ನವೆಂಬರ್ 2025, ಶನಿವಾರ, ಸಂಜೆ 5.40