ಬಾಗಿದ ಮುಳ್ಳಿಗೊಬ್ಬ ಅಪರಾಧಿ ಬೇಕಂತೆ

ಮಾನ್ಯ ಶಾಲಾ ತಪಾಸಣಾಧಿಕಾರಿಗಳೇ,

ಒಂದು ಅಮ್ಮೀಟರಿನ ಮುಳ್ಳು ಬಾಗಿತೆಂದು ಆದಿವಾಲದ ಆಚೆಗಿರುವ ನಮ್ಮ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ ಶಾಂತಿಯವರಿಗೆ ನೋಟಿಸು ಕೊಟ್ಟಿದ್ದೀರಿ. ಬಾಗಿಸಿದ ವಿದ್ಯಾರ್ಥಿಯ ಹೆಸರನ್ನು ಅವರು ಬರೆದುಕೊಡಬೇಕು. ಇಲ್ಲವಾದರೆ ಬೇರೆ ಶಾಲೆಗೆ ಹೊರಡಬೇಕು. ಅವರು ಇನ್ನೂ ಹೆಸರು ಕೊಟ್ಟಿಲ್ಲ. ಹತ್ತನೇ ತರಗತಿಯ ಪರೀಕ್ಷೆ ಹತ್ತಿರವಿದೆ. ಮಕ್ಕಳಿಗೆ ಟೀಚರ್ ಇಲ್ಲವಾದರೂ ಚಿಂತೆಯಿಲ್ಲ, ನಿಮಗೆ ಅಪರಾಧಿ ಸಿಗಬೇಕು.

ಆ ಅಮ್ಮೀಟರ್ ಇದ್ದ ಪೆಟ್ಟಿಗೆಯ ವಿಷಯ ನಿಮಗೆ ಗೊತ್ತಿರಲಾರದು. ಅದು ಶಾಲೆಗೆ ಬಂದಾಗಿನಿಂದ ಮುಖ್ಯೋಪಾಧ್ಯಾಯರ ಬೀರುವಿನ ಮೇಲಿತ್ತು. ಪ್ರತಿ ಆಯುಧಪೂಜೆಗೂ ಅದರ ಮುಚ್ಚಳಕ್ಕೆ ವಿಭೂತಿ, ಕುಂಕುಮ, ಒಂದು ಚೆಂಡುಹೂ. ಮುಚ್ಚಳ ಮಾತ್ರ ತೆರೆಯುತ್ತಿರಲಿಲ್ಲ. ಒಡೆದರೆ ನಿಮಗೆ ಉತ್ತರ ಹೇಳುವವರು ಯಾರು? ಹೀಗೆ ನಮ್ಮ ಊರಿನಲ್ಲಿ ವಿದ್ಯುತ್ ಪ್ರವಾಹ ಪೂಜೆಗೆ ಸಲ್ಲುವ, ಪ್ರಯೋಗಕ್ಕೆ ಸಲ್ಲದ ದೇವರಾಗಿತ್ತು. ಶಾಂತಿಯವರು ಕುಂಕುಮ ಒರೆಸಿ ಮುಚ್ಚಳ ತೆರೆದರು. ಅವರ ಅಪರಾಧ ಅಲ್ಲಿಂದ ಶುರು.

ಶಾಲಾ ಸಮಿತಿಯ ಸದಸ್ಯನಾಗಿ ಆ ಮಧ್ಯಾಹ್ನ ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಒಬ್ಬ ಹುಡುಗಿ ಬಲ್ಬಿನ ಎರಡು ತುದಿಗಳಿಗೆ ವೋಲ್ಟ್‌ಮೀಟರ್ ಜೋಡಿಸಿದಳು; ಸರಿಯಾಗಿತ್ತು. ಅಮ್ಮೀಟರನ್ನೂ ಅದೇ ತುದಿಗಳಿಗೆ ಜೋಡಿಸಿದಳು. ಬಲ್ಬು ಆರಿತು, ಮುಳ್ಳು ಸರ್ರನೆ ಕೊನೆಗೆ ಬಡಿದು ಬಾಗಿತು.

“ಹಂಗ್ಯಾಕ್ ಜೋಡಿಸ್ದೆ ತಾಯಿ?” ಎಂದು ಟೀಚರ್ ಕೇಳಿದರು.

“ನಮ್ ಬೋರಿನ್ ಸ್ಟಾರ್ಟರ್ ಡಬ್ಬೀಲಿ ಎಲ್ಡು ಮೀಟ್ರೂ ಪಕ್ಕಪಕ್ಕದಾಗೇ ಅವೆ ಟೀಚರ್.”

“ಲೇ, ಮೋಟ್ರು ಸುಟ್ಟಂಗೆ ಇಸ್ಕೂಲೂ ಸುಟ್ಟೀಯ ಕಣೇ!” ಎಂದು ಯಾರೋ ಕೂಗಿದರು. ತರಗತಿ ನಕ್ಕಿತು. ಅವಳೂ ನಕ್ಕಳು.

ಶಾಂತಿಯವರು ಗದರಲಿಲ್ಲ. ಡಬ್ಬಿಯ ಮುಂದೆ ಕಾಣುವುದು ಎರಡು ಮುಖ, ಸಂಗತಿ ಇರುವುದು ಹಿಂದಿನ ತಂತಿಯಲ್ಲಿ ಎಂದರು. ಪ್ರವಾಹವನ್ನು ಅಳೆಯುವುದು ಅಮ್ಮೀಟರ್. ಅದು ಪ್ರವಾಹದ ದಾರಿಯಲ್ಲೇ, ಸರಣಿಯಲ್ಲಿ ನಿಲ್ಲಬೇಕು. ದಾರಿಗೆ ಅಡ್ಡಿಯಾಗಬಾರದೆಂದೇ ಅದರ ರೋಧ ತೀರ ಕಡಿಮೆ. ಅದನ್ನು ಬಲ್ಬಿಗೆ ಸಮಾಂತರವಾಗಿ ಇಟ್ಟರೆ ಪ್ರವಾಹವೆಲ್ಲ ಬಲ್ಬನ್ನು ಬಿಟ್ಟು ಅದರ ಮೇಲೇ ನುಗ್ಗುತ್ತದೆ. ವಿಭವಾಂತರ ಅದೇ, ರೋಧ ಇಳಿಯಿತು, ಪ್ರವಾಹ ಏರಿತು. ಓಮ್‌ನ ನಿಯಮವನ್ನು ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅದು ಏನು ಹೇಳುತ್ತದೆಂದು ತಿಳಿದದ್ದು, ತಲೆ ನರೆತ ಮೇಲೆ, ಆ ಬಾಗಿದ ಮುಳ್ಳನ್ನು ನೋಡುತ್ತ.

ಮುಂದಿನ ವಾರ ನೀವು ಬಂದಿರಿ.

“ಬೋರ್ಡ್ ಮೇಲೆ ಬರ್ದಿದ್ರೆ ಸಾಕಾಗ್ತಿರ್ಲಿಲ್ವೇನಮ್ಮ? ಸಾಮಾನು ಯಾಕೆ ಮುಟ್ಟಿಸಿದ್ರಿ?”

“ಮುಟ್ದೇ ಹೆಂಗ್ ಕಲೀತಾರೆ ಸಾರ್?”

“ಕಲಿಯೋದು ಬೇರೆ, ಸ್ಟಾಕ್ ಬೇರೆ.”

ಇಷ್ಟು ಸ್ಪಷ್ಟವಾದ ಶಿಕ್ಷಣ ನೀತಿಯನ್ನು ನಾನು ಬೇರೆಲ್ಲೂ ಕೇಳಿಲ್ಲ. ಒಂದು ಪ್ರಶ್ನೆ: ಆ ಎರಡು ಮೀಟರುಗಳನ್ನು ನಿಮ್ಮ ಕೈಗೆ ಕೊಟ್ಟಿದ್ದರೆ ನೀವು ಹೇಗೆ ಜೋಡಿಸುತ್ತಿದ್ದಿರಿ? ಉತ್ತರ ನನಗೆ ಬೇಡ. ಪೆಟ್ಟಿಗೆ ಈಗ ಮತ್ತೆ ಬೀರುವಿನ ಮೇಲೆ ಹೋಗಿದೆ, ನಿಮ್ಮ ಅರಗಿನ ಮುದ್ರೆಯೊಂದಿಗೆ. ಅದರೊಳಗಿನದು ಇನ್ನೆಂದೂ ಕೆಡುವುದಿಲ್ಲ. ಹೊರಗಿರುವ ಮಕ್ಕಳ ತಪಾಸಣೆ ಯಾವ ಕಚೇರಿಯ ಕೆಲಸ?

ಮೊನ್ನೆ ಆ ಹುಡುಗಿ ಮುಖ್ಯೋಪಾಧ್ಯಾಯ ಜುಂಜಯ್ಯನವರ ಬಾಗಿಲಲ್ಲಿ ನಿಂತಿದ್ದಳು. “ನನ್ ಹೆಸ್ರು ಬರ್ಕಳ್ರಿ ಸಾರ್, ಟೀಚರ್ನ ಮಾತ್ರ ಕಳಿಸ್ಬ್ಯಾಡ್ರಿ,” ಎಂದಳು. ಜುಂಜಯ್ಯನವರು ಕಿಟಕಿಯ ಕಡೆ ನೋಡಿದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ನಿಮ್ಮ ನೋಟಿಸು ಸಾಧಿಸಿದ್ದು ಇದನ್ನು: ತಪ್ಪು ಮಾಡಿ ನಕ್ಕಿದ್ದ ಮಗು ಈಗ ತಪ್ಪೊಪ್ಪಿಕೊಳ್ಳಲು ಬಾಗಿಲಲ್ಲಿ ನಿಂತಿದೆ.

ಆದ್ದರಿಂದ ನೋಟಿಸನ್ನು ಹಿಂದಕ್ಕೆ ಪಡೆಯಿರಿ. ಶಾಂತಿಯವರನ್ನು ಅವರ ತರಗತಿಯಲ್ಲಿ ಇರಗೊಡಿ. ಅರಗು ಒಡೆಯಿರಿ; ಇನ್ನಷ್ಟು ಮುಳ್ಳುಗಳು ಬಾಗಲಿ. ಇವು ಯಾವುವೂ ಆಗದು, ಕಡತಕ್ಕೆ ಒಂದು ಹೆಸರು ಬೇಕೇ ಬೇಕು ಎನ್ನುವುದಾದರೆ, ಆ ಹುಡುಗಿಯ ಹೆಸರನ್ನು ನಾನೂ ಬರೆಯುವುದಿಲ್ಲ. ಕೆಳಗೆ ಒಂದಿದೆ, ಅದನ್ನು ಬರೆದುಕೊಳ್ಳಿ.

ಇಂತಿ,
ಅಮ್ಮೀಟರ್ ಬಾಗಿಸಿದ ಅಪರಾಧಿ,
ಲಕ್ಷ್ಮೀಕಾಂತ್,
ಶಾಲಾ ಸಮಿತಿಯ ಸದಸ್ಯ