ಭೀಮಾಶಂಕರನ ಅರ್ಜಿ

ಹಲಸೂರು, 14-8-1998

ನಟರ ಸಂಘದ ಕಾರ್ಯದರ್ಶಿಗಳಿಗೆ ನಮಸ್ಕಾರ.

ಲಕೋಟೆಯಲ್ಲಿ ಸದಸ್ಯತ್ವದ ಎರಡು ಅರ್ಜಿಗಳಿವೆ. ಒಂದು ನನ್ನದು. ಇನ್ನೊಂದನ್ನು ನನ್ನ ರೂಮಿನ ಗೆಳೆಯ ಭೀಮಾಶಂಕರ ಹೋದ ವರ್ಷವೇ ತುಂಬಿಟ್ಟಿದ್ದ. ಸದಸ್ಯರಾದವರು ನಮ್ಮಂಥ ಸಣ್ಣ ತಂಡಗಳಲ್ಲಿ ನಟಿಸಬಾರದೆಂಬುದು ನಿಮ್ಮ ನಿಯಮ. "ಈ ನಾಟಕ ಒಂದು ಮುಗೀಲಿ ಮಗಾ, ಆಮೇಲೆ ಕೊಡು" ಎಂದು ತಡೆದವನು ನಾನು. ಅದೇ ನಾಟಕದಲ್ಲಿ ರಂಗದ ಅಟ್ಟಣಿಗೆ ಕುಸಿದು ಅವನು ತೀರಿಕೊಂಡ. ಸದಸ್ಯನಲ್ಲವೆಂದು ಸಂಘದಿಂದ ಯಾರೂ ಬರಲಿಲ್ಲ.

ಅವನ ಪಾತ್ರ ಈಗ ನನ್ನದು; ಈ ನಾಟಕದ ಪ್ರದರ್ಶನಗಳು ಮುಗಿದ ಕೂಡಲೇ ನಿಮ್ಮ ನಿಯಮದಂತೆ ತಂಡ ಬಿಡುತ್ತೇನೆ. ಮೂರನೇ ಬೆಲ್ ಆದ ಮೇಲೆ, ನಾನು ಬಾಯಿ ತೆರೆಯುವ ಮುಂಚೆಯೇ ನನ್ನ ಮೊದಲ ಮಾತು ಅವನ ದನಿಯಲ್ಲಿ ಕೇಳಿಸುತ್ತದೆ.

ವಾರ್ಷಿಕ ಸಭೆಯಲ್ಲಿ ತೀರಿಕೊಂಡ ಸದಸ್ಯರ ಹೆಸರು ಓದುವಾಗ ದಯವಿಟ್ಟು ಅವನದನ್ನೂ ಓದಿ. ಸಭೆಯ ದಿನಾಂಕವನ್ನು ನನಗೆ ತಿಳಿಸಿ. ಅವನ ಅರ್ಜಿಯಲ್ಲಿ, ತುರ್ತಿದ್ದರೆ ಯಾರಿಗೆ ತಿಳಿಸಬೇಕು ಎಂಬಲ್ಲಿ ಅವನು ಬರೆದಿರುವುದು ನನ್ನ ಹೆಸರು.

ಇಂತಿ,
ಹಂಪಣ್ಣ